ಮಿಲ್ಪಿಟಾಸ್: ಕಾರು ಮಾಡಿದ ಊರಲ್ಲಿ ರೇಡಿಯೇಟರ್ ಮುಚ್ಚಳದ ಮಾತು

ಮಿಲ್ಪಿಟಾಸ್ ಅಂದ ಕೂಡಲೇ ನಮ್ಮವರಲ್ಲಿ ಬಹಳ ಜನಕ್ಕೆ ನೆನಪಾಗುವುದು ಗ್ರೇಟ್ ಮಾಲ್. ಊರಿನಿಂದ ಅಪ್ಪ ಅಮ್ಮ ಬಂದಾಗ ಒಂದು ಶನಿವಾರ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗದ ಮನೆ ಕಡಿಮೆ. ಒಳಗೆ ತಂಪು, ಒಂದು ಸುತ್ತು ಹಾಕಿದರೆ ವಾಕಿಂಗೂ ಆಯಿತು, ವಾಪಸ್ ಹೋಗುವ ಸೂಟ್‌ಕೇಸಿಗೆ ಸಾಮಾನೂ ಸಿಕ್ಕಿತು. ಆದರೆ ಆ ಕಟ್ಟಡ ಹುಟ್ಟಿದ್ದು ಅಂಗಡಿಗಾಗಿ ಅಲ್ಲ. 1955ರಿಂದ 1983ರವರೆಗೆ ಅದು ಫೋರ್ಡ್ ಕಂಪನಿಯ ಕಾರು ಜೋಡಿಸುವ ಕಾರ್ಖಾನೆಯಾಗಿತ್ತು. ಹೆಸರು ಸ್ಯಾನ್ ಹೋಸೆ ಅಸೆಂಬ್ಲಿ ಪ್ಲಾಂಟ್, ನೆಲ ಮಾತ್ರ ಮಿಲ್ಪಿಟಾಸಿನದು. ಹೆಸರುವಾಸಿಯಾದ ಮಸ್ಟ್ಯಾಂಗ್ ಕಾರುಗಳೂ ಇಲ್ಲಿ ತಯಾರಾಗಿ ಹೊರಬಿದ್ದವು. ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷವಾದ ಮೇಲೆ, 1994ರಲ್ಲಿ, ಅದೇ ಜಾಗದಲ್ಲಿ ಮಾಲ್ ತೆರೆಯಿತು.

ಆ ಕಾರ್ಮಿಕರ ಕತೆ ನಮಗೂ ಹತ್ತಿರದ್ದು. ಫೋರ್ಡ್ ತನ್ನ ಕೆಲಸವನ್ನು ರಿಚ್ಮಂಡ್‌ನಿಂದ ಇಲ್ಲಿಗೆ ತಂದಾಗ, ಕೆಲಸದ ಹಿಂದೆ ಜನವೂ ಬರಬೇಕಾಯಿತು. ಕಪ್ಪು ಜನಾಂಗದ ಕಾರ್ಮಿಕರಿಗೆ ಸುತ್ತಮುತ್ತ ಮನೆ ಕೊಡುವವರೇ ಇರಲಿಲ್ಲ. ಆಗ ಕಾರ್ಮಿಕ ಸಂಘವೇ ಮುಂದೆ ನಿಂತು, ಎಲ್ಲ ಬಣ್ಣದವರೂ ಒಟ್ಟಿಗೆ ಇರಬಹುದಾದ ಸನ್ನಿಹಿಲ್ಸ್ ಬಡಾವಣೆಗೆ ದಾರಿ ಮಾಡಿತು. ಆ ಕೆಲಸದಲ್ಲಿ ದುಡಿದ ಫೋರ್ಡ್ ಕಾರ್ಮಿಕ ಬೆನ್ ಗ್ರಾಸ್ 1966ರಲ್ಲಿ ಈ ಊರಿನ ಮೇಯರ್ ಆದರು. ಸನ್ನಿಹಿಲ್ಸ್ ಈಗಲೂ ಇದೆ. ಇವತ್ತು ಆ ಕಡೆ ನಡೆದುಹೋದರೆ ಕನ್ನಡ, ತೆಲುಗು, ವಿಯೆಟ್ನಾಮಿ, ಫಿಲಿಪಿನೋ ಎಲ್ಲ ಮಾತೂ ಕಿವಿಗೆ ಬೀಳುತ್ತದೆ.

ಕಾರು ಮಾಡಿದ ಊರು ಇದು. ಆದರೆ ಈಗ ಇಲ್ಲಿ ವಾಸವಾಗಿರುವ ನಮ್ಮಲ್ಲಿ ಎಷ್ಟು ಜನ ಕಾರಿನ ಬಾನೆಟ್ ಎತ್ತಿ ನೋಡಿದ್ದೇವೆ? ಇಲ್ಲಿನವರು ಅದಕ್ಕೆ ಹುಡ್ ಅಂತಾರೆ. ಏನೇ ಅನ್ನಲಿ, ಅದರ ಕೆಳಗೆ ಅಂಗೈಯಗಲದ ಒಂದು ಮುಚ್ಚಳ ಇದೆ. ರೇಡಿಯೇಟರ್ ಕ್ಯಾಪ್. ಹೊಸದು ಕೊಂಡರೂ ಬಹಳ ಕಾರುಗಳಿಗೆ ಹತ್ತರಿಂದ ಇಪ್ಪತ್ತೈದು ಡಾಲರ್ ಒಳಗೇ ಸಿಗುತ್ತೆ. ಅದು ಕೆಟ್ಟದ್ದು ಗೊತ್ತಾಗದೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದರೆ ಖರ್ಚು ಸಾವಿರಗಳ ಲೆಕ್ಕಕ್ಕೆ ಹೋಗುತ್ತೆ. ಅದನ್ನು ಬಿಸಿಯಲ್ಲಿ ತೆರೆದರೆ ಹೋಗುವುದು ದುಡ್ಡಷ್ಟೇ ಅಲ್ಲ, ಮುಖ ಮತ್ತು ಕೈಯ ಚರ್ಮ. ಬೇಸಿಗೆ ಪ್ರವಾಸಗಳು ಶುರುವಾಗುವ ಮೊದಲು ಈ ಮುಚ್ಚಳವನ್ನು ಅಪಾಯವಿಲ್ಲದೆ ಪರೀಕ್ಷೆ ಮಾಡುವ ಬಗೆಯನ್ನು ಈ ತಿಂಗಳು ಹೇಳೋಣ ಅಂತ.

ಬಯಲಲ್ಲಿ ಗೊತ್ತಾಗದ್ದು ಏರಿನಲ್ಲಿ ಗೊತ್ತಾಗುತ್ತೆ

ಮಿಲ್ಪಿಟಾಸ್ ಹೆಸರಿನ ಮೂಲ 'ಮಿಲ್ಪಾ' ಎಂಬ ಪದ. ಮೆಕ್ಕೆಜೋಳದ ಹೊಲ ಅಂತ ಅರ್ಥ. ಅಂದರೆ ಇದು ಸಣ್ಣ ಜೋಳದ ಹೊಲಗಳ ಊರು. ಹಾವೇರಿ, ದಾವಣಗೆರೆ ಕಡೆಯವರು ಕೇಳಿದರೆ ನಗುತ್ತಾರೆ. ಹೊಲ ಇದ್ದ ಊರು ಅಂದಮೇಲೆ ನೆಲ ಸಮತಟ್ಟು. ಪಶ್ಚಿಮಕ್ಕೆ 880, ನಡುವೆ ಕ್ಯಾಲವೆರಸ್ ಬುಲೆವಾರ್ಡ್, ಪೂರ್ವಕ್ಕೆ 680. ಕೊಲ್ಲಿಗೆ ಇಷ್ಟು ಹತ್ತಿರ ಇರುವುದರಿಂದ ಹವೆಯೂ ತಂಪು. ಮನೆಯಿಂದ ಆಫೀಸು, ಆಫೀಸಿಂದ ದಿನಸಿ ಅಂಗಡಿ ಅಂತ ಇಲ್ಲೇ ಓಡಾಡುವ ಕಾರಿಗೆ ಏದುಸಿರು ಬರೋದೇ ಇಲ್ಲ. ಮುಚ್ಚಳ ಅರ್ಧ ಸತ್ತಿದ್ದರೂ ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿರುತ್ತೆ.

ಆದರೆ ಈ ಬಯಲಿನಿಂದ ಯಾವ ದಿಕ್ಕಿಗೆ ದೂರ ಹೊರಟರೂ ಒಂದು ಘಾಟಿ ಎದುರಾಗುತ್ತೆ. ಕ್ಯಾಲವೆರಸ್ ರಸ್ತೆ ಹಿಡಿದು 680 ದಾಟಿ ಪೂರ್ವಕ್ಕೆ ಹೋದರೆ ಮನೆಗಳು ಮುಗಿದು ಗುಡ್ಡ ಶುರು. ಎಡ್ ಲೆವಿನ್ ಪಾರ್ಕಿನ ಹತ್ತಿರ ನಿಂತು ಹಿಂದಿರುಗಿ ನೋಡಿದರೆ ಇಡೀ ಊರು, ಅದರಾಚೆ ಕೊಲ್ಲಿಯ ನೀರು ಕಾಣುತ್ತೆ. ಮಳೆಗಾಲ ಮುಗಿದಾಗ ಆ ಗುಡ್ಡಗಳು ನಮ್ಮ ಮಲೆನಾಡಿನ ಅಂಚಿನ ಹಾಗೆ ಹಸಿರು, ಜೂನ್ ಹೊತ್ತಿಗೆ ಒಣಹುಲ್ಲಿನ ಬಣ್ಣ. 680ರಲ್ಲಿ ಉತ್ತರಕ್ಕೆ ಹೋದರೆ ಸುನೋಲ್ ಏರು. ಮೌಂಟನ್ ಹೌಸ್, ಟ್ರೇಸಿ ಕಡೆ ಮನೆ ಮಾಡಿಕೊಂಡು ದಿನಾ ಇಲ್ಲಿಗೆ ಕೆಲಸಕ್ಕೆ ಬರುವವರಿಗೆ ಸುಮಾರು 1,000 ಅಡಿ ಎತ್ತರದ ಆಲ್ಟಮಾಂಟ್ ಪಾಸ್. ಲಾಸ್ ಏಂಜಲಿಸ್‌ಗೆ ಹೋಗುವವರಿಗೆ ಮೊದಲು 152ರ ಪಚೆಕೊ ಪಾಸ್, ಆಮೇಲೆ ಐ-5ರಲ್ಲಿ 4,144 ಅಡಿಯ ಟೆಹೋನ್ ಪಾಸ್. ಅದಕ್ಕೆ ಹತ್ತುವ ಗ್ರೇಪ್‌ವೈನ್ ಏರಿನಲ್ಲಿ, ಇಂಜಿನ್ ಕಾಯದಿರಲು ಎಸಿ ಆರಿಸಿ ಅಂತ ರಸ್ತೆ ಪಕ್ಕ ಬೋರ್ಡೇ ಹಾಕಿದ್ದಾರೆ. ಹಿಮ ನೋಡಲು ಟಾಹೋ ಕಡೆ ಹೋಗುವವರು ಐ-80ರಲ್ಲಿ 7,000 ಅಡಿಗೂ ಮೇಲೆ ಹತ್ತುತ್ತಾರೆ.

ಕಾರಿನ ತುಂಬ ಜನ, ಡಿಕ್ಕಿ ತುಂಬ ಸಾಮಾನು, ಎಸಿ ಜೋರು, ಹೊರಗೆ 38 ಡಿಗ್ರಿ ಬಿಸಿಲು. ಆರು ತಿಂಗಳು ಸುಮ್ಮನಿದ್ದ ಮುಚ್ಚಳ ತನ್ನ ಗುಟ್ಟು ಬಿಟ್ಟುಕೊಡುವುದು ಅಂಥ ಏರಿನಲ್ಲೇ.

ಕುಕ್ಕರಿನ ಲೆಕ್ಕ

ಈ ಮುಚ್ಚಳ ಬರೀ ಮುಚ್ಚಳ ಅಲ್ಲ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ವೆಯ್ಟು ಮಾಡುವ ಕೆಲಸವನ್ನೇ ಇದೂ ಮಾಡುತ್ತೆ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ, ಯಾಕಂದರೆ ಊರು ಎತ್ತರದಲ್ಲಿದೆ. ಸಮುದ್ರಮಟ್ಟದ ಮಿಲ್ಪಿಟಾಸಿನಲ್ಲಿ 100. ಟಾಹೋ ದಾರಿಯ ನೆತ್ತಿಯಲ್ಲಿ 93ರ ಆಸುಪಾಸು. ಕುಕ್ಕರಿನಲ್ಲಿ ಹಬೆಯನ್ನು ಒಳಗೇ ಹಿಡಿದು ಸುಮಾರು 15 ಪಿಎಸ್‌ಐ ಒತ್ತಡ ಬರುವ ಹಾಗೆ ಮಾಡಿದರೆ ನೀರು ಕುದಿಯಲು 121 ಡಿಗ್ರಿ ಬೇಕು. ಅದಕ್ಕೇ ಬೇಳೆ ಬೇಗ ಬೇಯೋದು.

ಕಾರಿನ ಇಂಜಿನ್ ಮಾಮೂಲಾಗಿ ಓಡುವುದೇ 90ರಿಂದ 105 ಡಿಗ್ರಿ ಶಾಖದಲ್ಲಿ. ಒತ್ತಡ ಇಲ್ಲದಿದ್ದರೆ ಏರಿನಲ್ಲಿ ನೀರು ಕುದ್ದು ಆವಿಯಾಗಿ ಹೋಗುತ್ತೆ, ಆವಿಗೆ ಇಂಜಿನಿನ ಶಾಖ ಹೊರುವ ಶಕ್ತಿ ಸಾಲದು. ಆದ್ದರಿಂದ ಮುಚ್ಚಳದ ಸ್ಪ್ರಿಂಗು 13ರಿಂದ 16 ಪಿಎಸ್‌ಐವರೆಗೆ ಒತ್ತಡ ಹಿಡಿದಿಡುತ್ತೆ. ಒಂದೊಂದು ಪಿಎಸ್‌ಐಗೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತೆ. ಅರ್ಧ ನೀರು ಅರ್ಧ ಕೂಲಂಟ್ ಹಾಕಿ, ಮುಚ್ಚಳವೂ ಸರಿ ಇದ್ದರೆ ಅದು ಕುದಿಯಲು 125 ಡಿಗ್ರಿಗೂ ಮೇಲೆ ಬೇಕು.

ಮುಚ್ಚಳದಲ್ಲಿ ಎರಡು ಬಾಗಿಲುಗಳಿವೆ. ದೊಡ್ಡ ಸ್ಪ್ರಿಂಗಿನದು ಒತ್ತಡ ಹೆಚ್ಚಾದಾಗ ತೆರೆದು ಹೆಚ್ಚಿನ ಕೂಲಂಟನ್ನು ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಬಿಡುತ್ತೆ. ನಡುವಿನ ಸಣ್ಣದು ಇಂಜಿನ್ ತಣ್ಣಗಾದಾಗ ತೆರೆದು ಅದನ್ನು ಡಬ್ಬಿಯಿಂದ ವಾಪಸ್ ಎಳೆದುಕೊಳ್ಳುತ್ತೆ. ದೊಡ್ಡದು ಸೋತರೆ ಕೂಲಂಟ್ ಬೇಗ ಕುದಿಯುತ್ತೆ. ಅದು ಅಂಟಿಕೊಂಡು ತೆರೆಯದೆ ಹೋದರೆ ಪೈಪು ಒಡೆಯುತ್ತೆ, ರೇಡಿಯೇಟರಿನ ಪ್ಲಾಸ್ಟಿಕ್ ಬಿರಿಯುತ್ತೆ. ಸಣ್ಣದು ಅಂಟಿಕೊಂಡರೆ ಬೆಳಗ್ಗೆ ನೋಡಿದಾಗ ಮೇಲಿನ ರಬ್ಬರ್ ಪೈಪು ಒಳಕ್ಕೆ ಚಪ್ಪಟೆಯಾಗಿರುತ್ತೆ.

ಇನ್ನೂ ಕೆಲವು ಸೂಚನೆಗಳಿವೆ. ಮುಚ್ಚಳದ ಸುತ್ತ ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಕಲೆ. ಎಲ್ಲೂ ಸೋರಿಕೆ ಕಾಣದೆ ಕೂಲಂಟ್ ಕಡಿಮೆಯಾಗುವುದು. ಕಾರಿನ ಹತ್ತಿರ ಸಿಹಿ ವಾಸನೆ. ಗಾಳಿ ತಿರುಗಿದ ದಿನ ಕಸದ ಗುಡ್ಡದ ಕಡೆಯಿಂದ ಬರುವ ವಾಸನೆ ಮಿಲ್ಪಿಟಾಸಿನವರಿಗೆ ಚೆನ್ನಾಗಿ ಗೊತ್ತು. ಅದು ಬೇರೆ, ಇದು ಬೇರೆ. ಪಾಕದಂಥ ಸಿಹಿ ವಾಸನೆ ಬಂದರೆ ಊರನ್ನು ಬೈಯಬೇಡಿ, ಬಾನೆಟ್ ಎತ್ತಿ.

ಬಿಸಿಯಲ್ಲಿ ತೆಗೆದರೆ ಏನಾಗುತ್ತೆ

ಕುಕ್ಕರ್ ಕೂಗುತ್ತಿರುವಾಗ ಅದರ ಮುಚ್ಚಳ ತೆಗೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಚಿಕ್ಕಂದಿನಿಂದ ಅಮ್ಮ, ಅಜ್ಜಿ ಹೆದರಿಸಿಟ್ಟಿದ್ದಾರೆ. ಕಾರಿನ ವಿಷಯದಲ್ಲಿ ಹಾಗೆ ಹೆದರಿಸಿದವರಿಲ್ಲ, ಅದೇ ತೊಂದರೆ. 110 ಡಿಗ್ರಿಯ ದ್ರವ ಒತ್ತಡದ ಬಲದಿಂದ ಮಾತ್ರ ಕುದಿಯದೆ ಸುಮ್ಮನೆ ಕೂತಿರುತ್ತೆ. ಮುಚ್ಚಳ ತಿರುಗಿದ ಕ್ಷಣ ಒತ್ತಡ ಇಳಿದು ಅದರಲ್ಲಿ ಒಂದು ಪಾಲು ಒಮ್ಮೆಗೇ ಆವಿಯಾಗುತ್ತೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಆ ಆವಿ ಉಳಿದ ಕುದಿನೀರನ್ನೂ ಎತ್ತಿಕೊಂಡು ಮೇಲಕ್ಕೆ ಚಿಮ್ಮುತ್ತೆ. ಬಗ್ಗಿ ನೋಡುತ್ತಿರುವವರ ಮುಖ ಇರುವುದು ಅಲ್ಲೇ.

ಗಂಟೆ ಲೆಕ್ಕದ ಕೆಲಸದವರು, ಕಾಂಟ್ರಾಕ್ಟಿನಲ್ಲಿ ಇರುವವರು, ಕಾರನ್ನೇ ನಂಬಿ ಡೆಲಿವರಿ ಮಾಡುವವರು ಒಂದು ಲೆಕ್ಕ ಹಾಕಿ. ಕೈ ಸುಟ್ಟರೆ ಕೀಬೋರ್ಡಿಲ್ಲ, ಸ್ಟೀರಿಂಗಿಲ್ಲ, ಪಾತ್ರೆ ತೊಳೆಯೋದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ನೌಕರರಿಗೆ ವರ್ಷಕ್ಕೆ ಕನಿಷ್ಠ 40 ಗಂಟೆ ಸಂಬಳಸಹಿತ ಕಾಯಿಲೆ ರಜೆ ಕೊಡುತ್ತೆ. ಆಳವಾದ ಸುಟ್ಟಗಾಯ ಅಷ್ಟರಲ್ಲಿ ವಾಸಿಯಾಗಲ್ಲ.

ನಮ್ಮ ಬೀದಿಗೆ ಮಗನ ಮನೆಗೆಂದು ಬಂದಿದ್ದ ಹಾಸನದ ಕಡೆಯ ಹಿರಿಯರೊಬ್ಬರು ಊರಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಎದುರುಮನೆಯ ಹುಡುಗ ಬಾನೆಟ್ ಎತ್ತಿ ನಿಂತದ್ದು ನೋಡಿ ರಸ್ತೆ ದಾಟಿ ಬಂದರು.

"ಏನಪ್ಪಾ, ಈಗ ತಾನೆ ಬಂದ್ಯಲ್ಲ, ಮುಚ್ಚಳಕ್ಕೆ ಯಾಕೆ ಕೈ ಹಾಕ್ತೀಯ?"

"ಪ್ರೆಶರ್ ಇದೆಯಾ ಅಂತ ನೋಡ್ತಿದ್ದೆ ಅಂಕಲ್. ಅಷ್ಟೇನೂ ಬಿಸಿ ಇಲ್ಲ."

"ಮುಚ್ಚಳ ಮುಟ್ಟಿದ್ರೆ ಗೊತ್ತಾಗಲ್ಲ ಕಣಪ್ಪ. ಮೇಲಿನ ಪೈಪ್ ಹಿಸುಕಿ ನೋಡು. ಗಟ್ಟಿ ಇದ್ರೆ ಒಳಗೆ ಅವನು ಇನ್ನೂ ಕೂತಿದಾನೆ. ನಾಳೆ ಬೆಳಗ್ಗೆ ಬಾ, ಇಬ್ರೂ ನೋಡೋಣ."

ಇಡೀ ಸುರಕ್ಷತೆಯ ಪಾಠ ಆ ಕೊನೆಯ ಮಾತಿನಲ್ಲಿದೆ. ಬಿಸಿ ಕಾರಿನ ಮುಚ್ಚಳ ತಿರುಗಿಸಿ, ಬುಸ್ ಅನ್ನುತ್ತಾ ನೋಡುವುದು ಪರೀಕ್ಷೆಯಲ್ಲ. ಪರೀಕ್ಷೆ ಆಗಬೇಕಾದ್ದು ತಣ್ಣಗಿನ ಕಾರಿನಲ್ಲಿ, ಮುಚ್ಚಳವನ್ನು ಹೊರಗೆ ತೆಗೆದು, ಮೀಟರಿಗೆ ಹಾಕಿ.

ಪರೀಕ್ಷೆ ಮಾಡುವ ಬಗೆ

ಇದಕ್ಕೆ ಬೇಕಾದ ಸಾಧನ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್. ಸೈಕಲ್ ಪಂಪಿನಂಥ ಕೈಪಂಪು, ಒಂದು ಮೀಟರು, ಬೇರೆ ಬೇರೆ ಕಾರಿಗೆ ಹೊಂದುವ ಅಡಾಪ್ಟರುಗಳು. ಕೊಳ್ಳಲೇಬೇಕು ಅಂತಿಲ್ಲ. ಆಟೋಝೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಕಟ್ಟಿ ಎರವಲು ತರಬಹುದು. ಸರಿಯಾಗಿ ಹಿಂದಿರುಗಿಸಿದರೆ ಠೇವಣಿ ವಾಪಸ್ ಬರುತ್ತೆ. ಕಾರಿನ ವರ್ಷ, ಮಾಡೆಲ್ ಹೇಳಿ, ಮುಚ್ಚಳ ಪರೀಕ್ಷಿಸುವ ಅಡಾಪ್ಟರ್ ಅದರಲ್ಲಿ ಇದೆಯಾ ಅಂತ ಅಲ್ಲೇ ಕೇಳಿ ನೋಡಿಕೊಳ್ಳಿ.

ಮೊದಲ ಕೆಲಸ ಕಾಯುವುದು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಿ. ಕೀಲಿ ತೆಗೆದಿರಲಿ, ಯಾಕಂದರೆ ಎಷ್ಟೋ ಕಾರುಗಳಲ್ಲಿ ಫ್ಯಾನು ತಾನಾಗಿಯೇ ತಿರುಗಲು ಶುರುವಾಗಬಹುದು. ಹೈಬ್ರಿಡ್ ಕಾರಿನಲ್ಲಿ ಸದ್ದಿಲ್ಲ ಅಂದ ಮಾತ್ರಕ್ಕೆ ಆಫ್ ಆಗಿದೆ ಅಂತಲ್ಲ, 'ರೆಡಿ' ದೀಪ ಆರಿದೆಯಾ ನೋಡಿ. ಅದರ ವಿದ್ಯುತ್ ಭಾಗಕ್ಕೆ ಬೇರೆಯೇ ಕೂಲಂಟ್ ಡಬ್ಬಿ ಇರಬಹುದು, ಆ ಮುಚ್ಚಳಕ್ಕೆ ಕೈ ಹಾಕಬೇಡಿ. ಪೂರ್ತಿ ಎಲೆಕ್ಟ್ರಿಕ್ ಕಾರಿನವರಿಗೆ ಈ ಪರೀಕ್ಷೆಯೇ ಬೇಡ.

ಆಮೇಲೆ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ತುಂಬುತೋಳಿನ ಅಂಗಿ. ಮೇಲಿನ ಪೈಪನ್ನು ಹಿಸುಕಿ ನೋಡಿ: ತಣ್ಣಗೆ, ಮೆತ್ತಗೆ ಇರಬೇಕು. ದಪ್ಪ ಬಟ್ಟೆ ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, ಮುಚ್ಚಳವನ್ನು ಒತ್ತದೆ ಕಾಲು ಸುತ್ತು ತಿರುಗಿಸಿ. ಮೊದಲ ತಡೆಗೆ ಬಂದು ನಿಲ್ಲುತ್ತೆ. ಅಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳಿ. ಬುಸ್ ಅಂದರೆ ಕೈ ತೆಗೆದು ಇನ್ನೂ ಕಾಯಿರಿ. ಸದ್ದಿಲ್ಲದಿದ್ದರೆ ಮಾತ್ರ ಕೆಳಕ್ಕೆ ಒತ್ತಿ ಪೂರ್ತಿ ತಿರುಗಿಸಿ ತೆಗೆಯಿರಿ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರಲ್ಲ, ಒತ್ತಡದ ಮುಚ್ಚಳ ಪ್ಲಾಸ್ಟಿಕ್ ಡಬ್ಬಿಯ ಮೇಲೆ ತಿರುಪಿನ ಹಾಗಿರುತ್ತೆ. ನಿಯಮ ಎರಡಕ್ಕೂ ಒಂದೇ.

ಮುಚ್ಚಳ ಕೈಗೆ ಬಂದಮೇಲೆ ಮೊದಲು ಕಣ್ಣಿನ ಪರೀಕ್ಷೆ. ರಬ್ಬರು ಬಿರಿದಿದೆಯಾ, ಗಟ್ಟಿಯಾಗಿದೆಯಾ, ಕುಕ್ಕರ್ ಗ್ಯಾಸ್ಕೆಟ್ ನೋಡುವ ಹಾಗೆಯೇ ನೋಡಿ. ನಡುವಿನ ಸಣ್ಣ ಬಾಗಿಲನ್ನು ಮೆಲ್ಲಗೆ ಎಳೆದು ಬಿಟ್ಟರೆ ತಟ್ಟನೆ ಮುಚ್ಚಿಕೊಳ್ಳಬೇಕು. ಮುಚ್ಚಳ ಕೂರುವ ಬಾಯಿಯ ಅಂಚು ನಯವಾಗಿದೆಯಾ ನೋಡಿ, ಕೊಳೆ ಇದ್ದರೆ ಒರೆಸಿ. ಮುಚ್ಚಳದ ಮೇಲೆ ಬರೆದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ: 0.9 ಅಂದರೆ ಸುಮಾರು 13 ಪಿಎಸ್‌ಐ, 1.1 ಅಂದರೆ ಸುಮಾರು 16.

ಇನ್ನು ಮೀಟರ್. ರಬ್ಬರಿಗೆ ಸ್ವಲ್ಪ ಕೂಲಂಟ್ ಸವರಿ ಒದ್ದೆ ಮಾಡಿ, ಮುಚ್ಚಳವನ್ನು ಅಡಾಪ್ಟರಿಗೆ ಕೂರಿಸಿ, ನಿಧಾನವಾಗಿ ಪಂಪ್ ಮಾಡಿ. ಬರೆದ ಸಂಖ್ಯೆಯ ಹತ್ತಿರ ಬಂದಾಗ ಮುಚ್ಚಳ ತೆರೆದು ಗಾಳಿ ಬಿಡಬೇಕು, ಮುಳ್ಳು ಇನ್ನು ಮೇಲೇರಬಾರದು. 1.1 ಮುಚ್ಚಳವಾದರೆ ಹಲವು ಜಪಾನಿ ಕಾರುಗಳಲ್ಲಿ ಇದು 13.5ರಿಂದ 17.8 ಪಿಎಸ್‌ಐ ನಡುವೆ ಆಗಬೇಕು. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ನಿಲ್ಲಬೇಕು. ನೋಡನೋಡುತ್ತಲೇ ಜಾರಿ ಇಳಿದರೆ ಒಮ್ಮೆ ರಬ್ಬರ್ ಒರೆಸಿ ಒದ್ದೆ ಮಾಡಿ ಮತ್ತೆ ನೋಡಿ. ಮತ್ತೂ ಇಳಿದರೆ, ಅಥವಾ ಸಂಖ್ಯೆ ದಾಟಿ ಬಹಳ ಮೇಲೆ ಹೋದರೂ ತೆರೆಯದಿದ್ದರೆ, ಆ ಮುಚ್ಚಳದ ಕಾಲ ಮುಗಿಯಿತು. ನಿಮ್ಮ ಕಾರಿಗೆ ಎಷ್ಟು ಹೊತ್ತು, ಎಷ್ಟು ಒತ್ತಡ ನಿಲ್ಲಬೇಕು ಎಂಬುದನ್ನು ಅದರ ರಿಪೇರಿ ಪುಸ್ತಕದ ಪ್ರಕಾರವೇ ತೆಗೆದುಕೊಳ್ಳಿ. ಟೆಸ್ಟರನ್ನು ಬಿಚ್ಚುವ ಮೊದಲು ಅದರ ಒತ್ತಡ ಬಿಡುವ ಗುಂಡಿ ಒತ್ತಿ ಮುಳ್ಳನ್ನು ಸೊನ್ನೆಗೆ ತನ್ನಿ.

ಹೊಸದು ತರುವಾಗ ಅದೇ ಸಂಖ್ಯೆಯದನ್ನೇ ತನ್ನಿ. ಹೆಚ್ಚಿನದು ಹಾಕಿದರೆ ಇನ್ನೂ ಒಳ್ಳೇದು ಅನ್ನೋದು ತಪ್ಪು ಲೆಕ್ಕ. ಹಳೆ ಪೈಪುಗಳು ಆ ಒತ್ತಡ ತಡೆಯಲ್ಲ. ಮುಚ್ಚಳ ಹೊಸದಾದ ಮೇಲೂ ಕೂಲಂಟ್ ಇಳಿಯುತ್ತಿದ್ದರೆ ತೊಂದರೆ ಬೇರೆಡೆ ಇದೆ, ಗ್ಯಾರೇಜಿಗೆ ಒಯ್ಯಿರಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಶುರು ಮಾಡುವ ಮೊದಲು ಗ್ಯಾರೇಜಿನವರು ಅಂದಾಜು ಖರ್ಚನ್ನು ಬರೆದು ಕೊಡಬೇಕು. ಬದಲಾಯಿಸಿದ ಹಳೇ ಭಾಗ ಬೇಕು ಅಂತ ಮೊದಲೇ ಕೇಳಿದರೆ ಅದನ್ನೂ ಕೊಡಬೇಕು. ಕೇಳೋದಕ್ಕೆ ಸಂಕೋಚ ಬೇಡ.

ಚೆಲ್ಲಿದ್ದನ್ನು ಚರಂಡಿಗೆ ಬಿಡಬೇಡಿ. ನಮ್ಮ ಬೀದಿಯ ಮಳೆನೀರಿನ ಚರಂಡಿ ಹಳ್ಳ ಸೇರಿ ಕೊಲ್ಲಿಗೆ ಹೋಗುತ್ತೆ. ಕೂಲಂಟ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಪುಟ್ಟ ಮಕ್ಕಳು ನೆಕ್ಕಿದರೆ ಪ್ರಾಣಕ್ಕೇ ಬರಬಹುದು. ಒರೆಸಿ ಎತ್ತಿ, ಹಳೇ ಕೂಲಂಟನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಸ್ಯಾಂಟಾ ಕ್ಲಾರಾ ಕೌಂಟಿಯ ಮನೆ ಅಪಾಯಕಾರಿ ಕಸದ ಕೇಂದ್ರಕ್ಕೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಕೊಟ್ಟುಬನ್ನಿ.

ದಾರಿಯಲ್ಲಿ ಕಾದರೆ

ಇಷ್ಟೆಲ್ಲ ಮಾಡಿಯೂ ಆಲ್ಟಮಾಂಟ್ ಏರಿನಲ್ಲಿ ಮುಳ್ಳು ಕೆಂಪಿಗೆ ಹೋಯಿತು ಅನ್ನಿ. ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಬಲಗಡೆಯ ಸುರಕ್ಷಿತ ಜಾಗಕ್ಕೆ ಬಂದು ಇಂಜಿನ್ ನಿಲ್ಲಿಸಿ. ಹೀಟರ್ ಇಂಜಿನಿನ ಶಾಖವನ್ನೇ ಒಳಕ್ಕೆ ಎಳೆಯುತ್ತೆ, ಸೆಖೆಯಾದರೂ ಇಂಜಿನಿಗೆ ಉಪಕಾರ. ಮುಚ್ಚಳ ಮಾತ್ರ ಮುಟ್ಟಬೇಡಿ. ಬಾನೆಟಿನ ಸಂದಿಯಿಂದ ಹಬೆ ಬರುತ್ತಿದ್ದರೆ ಬಾನೆಟನ್ನೂ ಎತ್ತಬೇಡಿ. ನಮ್ಮೂರ ಘಾಟಿಯಲ್ಲಿ ಲಾರಿಯವರು ತೊರೆಯ ನೀರು ತಂದು ಸುರಿಯುವುದನ್ನು ನೋಡಿದ್ದೇವೆ ಅಂತ ಕಾದ ಇಂಜಿನಿಗೆ ತಣ್ಣೀರು ಹೊಯ್ಯಬೇಡಿ, ಲೋಹ ಬಿರಿಯಬಹುದು.

ಬೇ ಏರಿಯಾದ ಫ್ರೀವೇಗಳಲ್ಲಿ ಜನಸಂಚಾರದ ಹೊತ್ತಿಗೆ ಫ್ರೀವೇ ಸರ್ವಿಸ್ ಪೆಟ್ರೋಲ್ ಟ್ರಕ್ಕುಗಳು ತಿರುಗುತ್ತಿರುತ್ತವೆ. 511ಕ್ಕೆ ಫೋನ್ ಮಾಡಿ 'ಫ್ರೀವೇ ಏಡ್' ಅಂದರೆ ಸಾಕು. ಅವರ ಸಹಾಯ ಪುಕ್ಕಟೆ. ಅಪಾಯವಿದ್ದರೆ, ಗಾಯವಾಗಿದ್ದರೆ 911.

ಯಾರಿಗಾದರೂ ಸುಟ್ಟೇ ಹೋದರೆ: ತಕ್ಷಣ ಉಂಗುರ, ಬಳೆ, ವಾಚು ತೆಗೆದು, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಐಸ್ ಬೇಡ. ತುಪ್ಪ, ಟೂತ್‌ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಮುಖ, ಕಣ್ಣು, ಕೈಯ ಸುಟ್ಟಗಾಯಕ್ಕೆ ಡಾಕ್ಟರು ಬೇಕೇ ಬೇಕು.

ಒಂದು ಸಲಹೆ ಕೊಟ್ಟು ಮುಗಿಸುತ್ತೇವೆ. ಒಂದು ಅಪಾರ್ಟ್‌ಮೆಂಟಿನ ಮೂರು ನಾಲ್ಕು ಮನೆಯವರು ಸೇರಿ ಒಂದು ಟೆಸ್ಟರ್ ಎರವಲು ತನ್ನಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರಿನ ಕೆಲಸಕ್ಕೆ ಅನುಮತಿ ಇಲ್ಲದಿದ್ದರೆ, ಸ್ವಂತ ಮನೆ ಇರುವ ಸ್ನೇಹಿತರ ಅಂಗಳದಲ್ಲಿ ಶುಕ್ರವಾರ ರಾತ್ರಿಯೇ ಕಾರು ನಿಲ್ಲಿಸಿ. ಶನಿವಾರ ಬೆಳಗ್ಗೆ ಕಾಫಿ ಆಗುವುದರೊಳಗೆ ನಾಲ್ಕೂ ಮುಚ್ಚಳಗಳ ಪರೀಕ್ಷೆ ಮುಗಿಯುತ್ತೆ. ಕಾರು ಹೊಸದಾಗಿ ಕಲಿತವರನ್ನು, ಈಗಷ್ಟೇ ಊರಿಂದ ಬಂದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪೈಪ್ ಹಿಸುಕಿ ತೋರಿಸಿ. ಈ ಬೇಸಿಗೆಗೆ ಪಚೆಕೊ ಪಾಸ್ ದಾಟುವವರಿಗೆ, ಟಾಹೋ ಹತ್ತುವವರಿಗೆ ಶುಭ ಪ್ರಯಾಣ.